ನಾರು ‘ಜೀರ್ಣವಾಗುವುದಿಲ್ಲ’ ಅನ್ನುವ ಬದಲು ಏನನ್ನಬಹುದು?

ಬಳಗದ ಎಲ್ಲರಿಗೂ ನಮಸ್ಕಾರ.

ಮುಪ್ಪಿನಲ್ಲಿ ಊಟಕ್ಕೂ ಕರುಳಿನ ಬ್ಯಾಕ್ಟೀರಿಯಾಗಳಿಗೂ ಏನು ಸಂಬಂಧ ಎಂಬ ಬರಹವೊಂದನ್ನು ತಿದ್ದಿಕೊಡುವ ಕೆಲಸ ನನ್ನ ಪಾಲಿಗೆ ಬಂದಿದೆ. ಓದುವವರು ಅರವತ್ತು ದಾಟಿದವರು, ವಿಜ್ಞಾನ ಓದಿದವರೇನೂ ಅಲ್ಲ. ಕರಡಿನಲ್ಲಿ ಹೀಗೊಂದು ಸಾಲಿದೆ: ‘ನಾರು ಜೀರ್ಣವಾಗದ ಪದಾರ್ಥ, ವಯಸ್ಸಾದವರು ಇದನ್ನು ಹೆಚ್ಚು ಸೇವಿಸಬೇಕು.’ ಓದಿ ನೋಡಿ ಎಂದು ಹಿರಿಯರೊಬ್ಬರಿಗೆ ಕೊಟ್ಟಿದ್ದೆ. ಅವರು ಅಂಚಿನಲ್ಲಿ ಪೆನ್ಸಿಲಿನಿಂದ ‘ಅರಗದ್ದನ್ನು ಯಾಕೆ ತಿನ್ನಬೇಕು?’ ಎಂದು ಬರೆದು ಕಳಿಸಿದ್ದಾರೆ.

ಪ್ರಶ್ನೆ ನ್ಯಾಯವಾದದ್ದೇ. ಪಠ್ಯಪುಸ್ತಕಕ್ಕೆ ‘ಜೀರ್ಣವಾಗದ’ ಎಂಬುದು ಬರೀ ಒಂದು ಲಕ್ಷಣ. ವಯಸ್ಸಾದವರ ಕಿವಿಗೆ ಅದು ಅಜೀರ್ಣ, ಎಂದರೆ ಕಾಯಿಲೆ. ‘ಕಲ್ಲು ತಿಂದು ಕರಗಿಸಿಕೊಳ್ಳುವ ವಯಸ್ಸು’ ದಾಟಿದವರು ಮೊದಲೇ ಹೊಟ್ಟೆಗೆ ಹೆದರಿಕೊಂಡು ಉಣ್ಣುತ್ತಿರುತ್ತಾರೆ. ಹಲ್ಲು ಸಡಿಲ, ಅಗಿಯಲಾಗದು, ನಾಲಗೆಗೆ ರುಚಿ ಕಡಿಮೆ, ಕರುಳಿನ ಚಲನೆ ನಿಧಾನ. ಇಷ್ಟಾದ ಮೇಲೆ ತಟ್ಟೆಯಿಂದ ಮೊದಲು ಜಾರುವುದು ಕಾಳು, ಸಿಪ್ಪೆ ಇರುವ ಹಣ್ಣು, ತವುಡು ತೆಗೆಯದ ಧಾನ್ಯ. ಇವೇ ನಾರಿನ ಮೂಲಗಳು. ನಮ್ಮ ಪದವೂ ಸೇರಿಕೊಂಡು ಅವನ್ನು ಇನ್ನಷ್ಟು ದೂರ ತಳ್ಳುತ್ತಿದೆ ಎಂಬುದು ನನ್ನ ದೂರು. (ಜೀರ್ಣ, ಜರಾ ಎರಡೂ ಒಂದೇ ಧಾತುವಿನಿಂದ ಬಂದವು. ಉಂಡದ್ದು ಅರಗುವುದಕ್ಕೂ ದೇಹ ಸವೆಯುವುದಕ್ಕೂ ಸಂಸ್ಕೃತ ಒಂದೇ ಮಾತಿಟ್ಟಿತು. ಜೀರ್ಣಶಕ್ತಿಯಲ್ಲೂ ಜೀರ್ಣೋದ್ಧಾರದಲ್ಲೂ ಇರುವುದು ಅದೇ ಜೀರ್ಣ.)

ನಿಜವಾಗಿ ಆಗುವುದು ಬೇರೆ. ನಾರಿನ ಕೊಂಡಿಗಳನ್ನು ಬಿಡಿಸುವ ಕಿಣ್ವಗಳು ನಮ್ಮ ಸಣ್ಣ ಕರುಳಿನಲ್ಲಿ ಇಲ್ಲ. ಹಾಗಾಗಿ ಅದು ಹೆಚ್ಚುಕಡಿಮೆ ಇದ್ದಂತೆಯೇ ದೊಡ್ಡ ಕರುಳಿಗೆ ಇಳಿಯುತ್ತದೆ. ಅಲ್ಲಿನ ಬ್ಯಾಕ್ಟೀರಿಯಾಗಳ ಬಳಿ ಆ ಕಿಣ್ವಗಳಿವೆ. ಅವು ನಾರನ್ನು ಒಡೆದು ಅಸಿಟೇಟ್, ಪ್ರೊಪಿಯೊನೇಟ್, ಬ್ಯುಟಿರೇಟ್ ಎಂಬ ಆಮ್ಲಗಳನ್ನು ಬಿಡುತ್ತವೆ. ಇವುಗಳಲ್ಲಿ ಬ್ಯುಟಿರೇಟ್ ದೊಡ್ಡ ಕರುಳಿನ ಒಳಪದರದ ಕೋಶಗಳಿಗೆ ಮುಖ್ಯ ಇಂಧನ; ಪದರದ ಬಿಗಿ ಉಳಿಯುವುದಕ್ಕೂ ಅದು ಬೇಕು. ನಾರು ಬಾರದೆ ಹೋದರೆ ಕೆಲವು ಬ್ಯಾಕ್ಟೀರಿಯಾಗಳು ಕರುಳಿನ ಗೋಡೆಯ ಲೋಳೆಯನ್ನೇ ಮೇಯಲು ತೊಡಗುತ್ತವೆ. ಇದನ್ನು ಇಲಿಗಳಲ್ಲಿ ಕಂಡಿದ್ದಾರೆ. ಅಂದರೆ ನಾರು ಅರಗುತ್ತದೆ, ಅರಗಿಸುವವರು ಬೇರೆ ಅಷ್ಟೆ. ‘ನಮಗೆ ಅರಗದು, ಅವಕ್ಕೆ ಅರಗುತ್ತದೆ’ ಎಂದು ಸದ್ಯಕ್ಕೆ ತಿದ್ದಿದ್ದೇನೆ. ಹಿರಿಯರು ಒಪ್ಪಿದರು. ಆದರೆ ಬ್ಯಾಕ್ಟೀರಿಯಾಗಳ ಆ ಕೆಲಸಕ್ಕೆ ಒಂದು ಕ್ರಿಯಾಪದ ಬೇಕು. ಸಾಲುಸಾಲಿಗೂ ಇಷ್ಟುದ್ದ ಬರೆಯಲಾಗದು.

ಇಂಗ್ಲಿಷಿನ ಫರ್ಮೆಂಟೇಶನ್‌ಗೆ ಶಾಲೆಯ ಪುಸ್ತಕಗಳು ‘ಹುದುಗುವಿಕೆ’ ಅನ್ನುತ್ತವೆ. ‘ನಾರು ಕರುಳಿನಲ್ಲಿ ಹುದುಗುತ್ತದೆ’ ಎಂದು ಬರೆದು ನೋಡಿ: ಅಡಗಿ ಕೂತಿತು ಎಂದೇ ಅರ್ಥವಾಗುತ್ತದೆ. ಹಿಟ್ಟಿನ ವಿಷಯದಲ್ಲಿ ‘ಹುದುಗು ಬಂತು’ ಎಂದರೆ ಗೊಂದಲವಿಲ್ಲ, ಕರುಳಿನ ವಿಷಯದಲ್ಲಿ ಇದೆ. ‘ಕಿಣ್ವನ’ ತಪ್ಪೇನಲ್ಲ, ಆದರೆ ಆ ಪದದ ಪಕ್ಕದಲ್ಲೇ ವಿವರಣೆಯನ್ನೂ ಹೊತ್ತು ತಿರುಗಬೇಕು. ‘ಹುಳಿಯುವುದು’ ನನಗೆ ಹಿಡಿಸುತ್ತದೆ. ಹೊರಬರುವುದು ಆಮ್ಲಗಳೇ ಆದ್ದರಿಂದ ಅರ್ಥವೂ ಕೂಡುತ್ತದೆ. ತೊಡಕು ಒಂದೇ, ಹುಳಿ ಎಂದೊಡನೆ ಓದುಗರಿಗೆ ನೆನಪಾಗುವುದು ಹುಳಿತೇಗು. ಅದು ಮೇಲಿನ ಹೊಟ್ಟೆಯ ಸಂಗತಿ, ಇದು ಕೆಳಗಿನ ಕರುಳಿನದು.

ಆದರೂ ಹುಳಿಯ ಪರ ವಾದಿಸಲು ಒಂದು ಕಾರಣವಿದೆ. ಕನ್ನಡದಲ್ಲಿ ಹುಳಿಯುವುದು ಬೇರೆ, ಕೊಳೆಯುವುದು ಬೇರೆ. ಕರುಳಿನಲ್ಲೂ ಈ ಎರಡು ಬೇರೆಯೇ: ನಾರು ಸಿಕ್ಕರೆ ಹುಳಿಯುತ್ತದೆ, ನಾರು ಕಡಿಮೆಯಾಗಿ ಪ್ರೋಟೀನ್ ಮಾತ್ರ ಬಂದರೆ ಕೊಳೆತದ ಕಡೆಗೆ ತಿರುಗಿ ಅಮೋನಿಯಾ, ಹೈಡ್ರೋಜನ್ ಸಲ್ಫೈಡ್‌ನಂಥವು ಹೆಚ್ಚುತ್ತವೆ. ಪ್ಯಾರಿಸ್ಸಿನ ಪಾಸ್ತರ್ ಸಂಸ್ಥೆಯಲ್ಲಿದ್ದ ವಿಜ್ಞಾನಿ ಎಲಿ ಮೆಚ್ನಿಕಾಫ್ (1908ರ ನೊಬೆಲ್ ಹಂಚಿಕೊಂಡವರು) ಮುಪ್ಪಿಗೆ ಕಾರಣ ದೊಡ್ಡ ಕರುಳಿನ ಕೊಳೆತವೇ, ಹುಳಿ ಹಾಲಿನ ಬ್ಯಾಕ್ಟೀರಿಯಾ ಅದನ್ನು ತಡೆಯುತ್ತದೆ ಎಂದು ನಂಬಿದ್ದರು. ಅವರು ನಂಬಿದ್ದ ಮೊಸರಿನ ಬ್ಯಾಕ್ಟೀರಿಯಾ ಕರುಳಿನಲ್ಲಿ ನೆಲೆ ನಿಲ್ಲುವುದಿಲ್ಲ ಎಂದು ಆಮೇಲೆ ತಿಳಿಯಿತು. ಹುಳಿ-ಕೊಳೆಗಳ ಭೇದ ಮಾತ್ರ ಇಂದಿಗೂ ಕೆಲಸಕ್ಕೆ ಬರುತ್ತದೆ.

ಇನ್ನೆರಡು ಪದಗಳು. ಮೇಲೆ ಹೇಳಿದ ಮೂರು ಆಮ್ಲಗಳಿಗೆ ಕರಡಿನಲ್ಲಿ ‘ಕಿರುಸರಪಳಿಯ ಕೊಬ್ಬಿನಾಮ್ಲ’ ಎಂದಿದೆ. ರಸಾಯನಶಾಸ್ತ್ರಕ್ಕೆ ಸರಿ, ಆದರೆ ಕೊಲೆಸ್ಟರಾಲಿಗೆ ಮಾತ್ರೆ ನುಂಗುವವರು ‘ನಾರು ತಿಂದರೆ ಹೊಟ್ಟೆಯಲ್ಲಿ ಕೊಬ್ಬು ಹುಟ್ಟುತ್ತದೆಯೇ’ ಎಂದು ಕೇಳಿಯೇ ಕೇಳುತ್ತಾರೆ. ನಾನು ‘ಕಿರು ಆಮ್ಲಗಳು’ ಎಂದು ಮೊಟಕು ಮಾಡಿದ್ದೇನೆ. ಶಾಸ್ತ್ರ ಬಲ್ಲವರು ಬೈಯಲಿ, ಪರವಾಗಿಲ್ಲ.

ಎರಡನೆಯದು ಉರಿಯೂತ. ಗಾಯಕ್ಕೆ ಇದಕ್ಕಿಂತ ಒಳ್ಳೆಯ ಪದವಿಲ್ಲ, ಉರಿಯೂ ಇದೆ ಊತವೂ ಇದೆ. ಮುಪ್ಪಿನಲ್ಲಿ ರಕ್ತಪರೀಕ್ಷೆಯಲ್ಲಷ್ಟೇ ಕಾಣುವ, ವರ್ಷಗಟ್ಟಲೆ ಎಳೆಯುವ ಸ್ಥಿತಿಯಲ್ಲಿ ಉರಿಯೂ ಇಲ್ಲ, ಊತವೂ ಇಲ್ಲ. ಇಟಲಿಯ ವಿಜ್ಞಾನಿ ಕ್ಲಾಡಿಯೊ ಫ್ರಾನ್ಚೆಸ್ಕಿ ಮತ್ತು ಜೊತೆಯವರು 2000ದಲ್ಲಿ ಇದಕ್ಕೆ ಇನ್ಫ್ಲಮೇಶನ್ (ಉರಿಯೂತ), ಏಜಿಂಗ್ (ಮುಪ್ಪಾಗುವುದು) ಎರಡನ್ನೂ ಕೂಡಿಸಿ ‘ಇನ್ಫ್ಲಮೇಜಿಂಗ್’ ಎಂಬ ಜೋಡುಪದ ಕಟ್ಟಿದರು. ಗೆಳೆಯರೊಬ್ಬರು ಮುಪ್ಪು, ಉರಿ ಎರಡನ್ನೂ ಕೂಡಿಸಿ ‘ಮುಪ್ಪುರಿ’ ಮಾಡಿಕೊಟ್ಟಿದ್ದಾರೆ. ಕೇಳಲು ಚೆಂದ, ಆದರೆ ಮೂರೆಳೆ ಹೊಸೆದ ಹಗ್ಗದ ಮುಪ್ಪುರಿ ಮೊದಲೇ ಆ ಜಾಗ ಹಿಡಿದು ಕೂತಿದೆಯಲ್ಲ! ‘ನಂಜು’ ಅಂದರೆ ವಿಷವಾಗುತ್ತದೆ. ‘ಒಳಗುದಿ’ ಮನಸ್ಸಿನ ಕಡೆ ಹೋಗುತ್ತದೆ. ‘ಕಾಣದ ಉರಿ’ ಆದೀತೆ?

ಬ್ಯಾಕ್ಟೀರಿಯಾವನ್ನು ಬ್ಯಾಕ್ಟೀರಿಯಾ ಎಂದೇ ಬಿಟ್ಟಿದ್ದೇನೆ, ಅದು ಎಲ್ಲರಿಗೂ ಗೊತ್ತು. ‘ರೋಗಾಣು’ ಮಾತ್ರ ಕಂಡಲ್ಲೆಲ್ಲ ಹೊಡೆದು ಹಾಕಿದೆ. ‘ಪಥ್ಯ’ವನ್ನೂ ತೆಗೆದೆ, ಪಥ್ಯವೆಂದರೆ ಬಿಡಬೇಕಾದ್ದರ ಪಟ್ಟಿ, ಇಲ್ಲಿ ಹೇಳುತ್ತಿರುವುದು ಸೇರಿಸಿಕೊಳ್ಳುವ ಮಾತು.

ಪದಗಳ ಮೇಲೆ ಇಷ್ಟು ಹಟ ಯಾಕೆಂದರೆ, ಬರಹದ ಜೀವಾಳ ಎರಡು ಅಧ್ಯಯನಗಳಲ್ಲಿದೆ. 2012ರಲ್ಲಿ ಪ್ರಕಟವಾದ ಐರ್ಲೆಂಡಿನ ಅಧ್ಯಯನದಲ್ಲಿ 178 ಹಿರಿಯರಿದ್ದರು. ತಮ್ಮ ಮನೆಗಳಲ್ಲಿದ್ದವರಿಗಿಂತ ಆರೈಕೆ ಕೇಂದ್ರಗಳಲ್ಲಿ ಬಹುಕಾಲ ಇದ್ದವರ ಊಟದಲ್ಲೂ ವೈವಿಧ್ಯ ಕಡಿಮೆ, ಕರುಳಿನ ಬ್ಯಾಕ್ಟೀರಿಯಾಗಳಲ್ಲೂ ಕಡಿಮೆ. ಹಾಗೆ ಕಡಿಮೆಯಾದವರಲ್ಲಿ ದೇಹ ಕುಗ್ಗಿದ ಲಕ್ಷಣಗಳು ಹೆಚ್ಚು. ಊಟವೇ ಕಾರಣ ಎಂದು ಅದೊಂದರಿಂದಲೇ ಹೇಳಲಾಗದು. ಆದರೆ 2020ರಲ್ಲಿ ಬಂದದ್ದು ಪ್ರಯೋಗ: ಐದು ದೇಶಗಳ 65ರಿಂದ 79 ವಯಸ್ಸಿನ 612 ಮಂದಿ, ಕೆಲವರಿಗೆ ಒಂದು ವರ್ಷ ಕಾಳು, ತರಕಾರಿ, ಹಣ್ಣು, ಮೀನು, ಆಲಿವ್ ಎಣ್ಣೆಯ ಮೆಡಿಟರೇನಿಯನ್ ಮಾದರಿಯ ಊಟ. ಅದನ್ನು ಚೆನ್ನಾಗಿ ಪಾಲಿಸಿದವರಲ್ಲಿ ಬ್ಯುಟಿರೇಟ್ ಮಾಡುವಂಥ ಬ್ಯಾಕ್ಟೀರಿಯಾಗಳು ಹೆಚ್ಚಿದವು, ಕುಗ್ಗುವಿಕೆ ಕಡಿಮೆ ಕಂಡಿತು. ಕರಡಿನಲ್ಲಿ ‘ದೌರ್ಬಲ್ಯ’ ಇದ್ದುದನ್ನು ‘ಕುಗ್ಗುವಿಕೆ’ ಮಾಡಿದವನು ನಾನೇ. ‘ಅವರು ತುಂಬ ಕುಗ್ಗಿಹೋಗಿದ್ದಾರೆ’ ಎಂದಾಗ ತೂಕ, ಬಲ, ನಡಿಗೆಯ ವೇಗ ಮೂರೂ ಅದರಲ್ಲಿ ಬಂದುಬಿಡುತ್ತವೆ.

ನನ್ನ ಕೋರಿಕೆ ಇಷ್ಟೆ: ನಾರಿನ ಮೇಲೆ ಬ್ಯಾಕ್ಟೀರಿಯಾ ಮಾಡುವ ಕೆಲಸಕ್ಕೆ ‘ಹುಳಿಸು’ ಬಳಸಿದರೆ ನಿಮ್ಮ ಕಿವಿಗೆ ಹೇಗೆ ಕೇಳುತ್ತದೆ? ‘ಬ್ಯಾಕ್ಟೀರಿಯಾಗಳು ನಾರನ್ನು ಹುಳಿಸುತ್ತವೆ’ ಎಂಬ ಸಾಲನ್ನು ಮನೆಯ ಹಿರಿಯರಿಗೆ ಓದಿ ಹೇಳಿ, ಅವರು ಏನೆಂದು ತಿಳಿದುಕೊಂಡರು ಎಂದು ಬರೆಯಿರಿ. ನಿಘಂಟಿನ ಉಲ್ಲೇಖಕ್ಕಿಂತ ಅದು ನನಗೆ ಹೆಚ್ಚು ಬೇಕಾಗಿದೆ.