ಮಾತಿನಲ್ಲಿ ಮುಂದು, ದಾರಿಯಲ್ಲಿ ಹಿಂದು: ಅನುಭವವಿದ್ದವರು ಹೇಳುತ್ತೀರಾ?

ವಿದ್ಯಾನಗರ, ದಾವಣಗೆರೆಯಿಂದ ಒಬ್ಬ ತಾಯಿ:
ಮಗಳಿಗೆ ಹದಿನಾರು, ಪ್ರಥಮ ಪಿಯು ಓದುತ್ತಿದ್ದಾಳೆ. ಆಶುಭಾಷಣ ಸ್ಪರ್ಧೆಗೆ ನಿಂತರೆ ಬಹುಮಾನ ಅವಳಿಗೇ. ಆದರೆ ಕಾಲೇಜು ಸೇರಿ ನಾಲ್ಕು ತಿಂಗಳಾದರೂ ಪ್ರಯೋಗಾಲಯ ಯಾವ ಮೆಟ್ಟಿಲ ಕಡೆ ಎಂದು ತಡಕಾಡುತ್ತಾಳೆ. ಗೆಳತಿಯರು ಮುಖ ಗಂಟಿಕ್ಕಿಕೊಂಡರೂ ಇವಳಿಗೆ ಹೊಳೆಯುವುದಿಲ್ಲ. ಬೆಂಗಳೂರಿನಲ್ಲಿ ಪರೀಕ್ಷೆ ಮಾಡಿಸಿದೆವು. ‘ನಾನ್‌ವರ್ಬಲ್ ಲರ್ನಿಂಗ್ ಡಿಸೆಬಿಲಿಟಿ’ ಎಂದರು. ‘ನಾನ್‌ವರ್ಬಲ್ ಎಂದರೆ ಮಾತು ಬಾರದವರಲ್ಲವೇ? ಇವಳು ಬಾಯಿ ಮುಚ್ಚಿದರೆ ತಾನೆ!’ ಎಂದು ನಮ್ಮ ಅತ್ತೆಯವರು ನಕ್ಕುಬಿಟ್ಟರು. ದಿನನಿತ್ಯ ಇದನ್ನು ಹೇಗೆ ನಿಭಾಯಿಸುತ್ತೀರಿ?

ಕರಡು ತಿದ್ದುವವನು, ದಾವಣಗೆರೆ:
ಅಕ್ಕಾ, ನಿಮ್ಮ ಅತ್ತೆಯವರ ತಪ್ಪಿಲ್ಲ, ಹೆಸರೇ ಅಡ್ಡದಾರಿ ಹಿಡಿಸುವಂಥದ್ದು. ನನಗೆ ಮೂವತ್ತನಾಲ್ಕು ವರ್ಷ, ನನ್ನದೂ ಇದೇ ತೊಂದರೆ. ಮಾತಾಗಿ ಬಂದದ್ದೆಲ್ಲ ನನ್ನಲ್ಲಿ ನಿಲ್ಲುತ್ತದೆ. ಮಾತಾಗದೆ ಬಂದದ್ದು, ಎಂದರೆ ದೂರ, ದಿಕ್ಕು, ಆಕಾರ, ಕೈಯ ಹದ, ಎದುರಿನವರ ಮುಖ, ಇವೆಲ್ಲ ಜಾರಿಹೋಗುತ್ತವೆ. ಹಾಗಾಗಿ ನಾನು ಮಾಡುವುದು ಒಂದೇ ಕೆಲಸ: ಕಣ್ಣಿಗೆ ಬಿಟ್ಟದ್ದನ್ನೆಲ್ಲ ಮಾತಿಗೆ ತಂದುಕೊಳ್ಳುವುದು.

ದಾರಿಯಿಂದಲೇ ಶುರುಮಾಡುತ್ತೇನೆ. ನಕ್ಷೆ ತೋರಿಸಿ ಪ್ರಯೋಜನವಿಲ್ಲ. ‘ಗುಡಿ ಎಡಗೈಗೆ, ಆಮೇಲೆ ಟ್ರಾನ್ಸ್‌ಫಾರ್ಮರ್, ಅದರ ಮಗ್ಗುಲ ಓಣಿ’ ಎಂದು ವಾಕ್ಯವಾಗಿ ಬರೆದುಕೊಳ್ಳುತ್ತೇನೆ. ಇಲ್ಲೊಂದು ಸೂಕ್ಷ್ಮವಿದೆ: ಹೋದ ದಾರಿ ಗೊತ್ತಿದ್ದರೆ ಬರುವ ದಾರಿಯೂ ಗೊತ್ತು ಎಂದು ಎಲ್ಲರೂ ಭಾವಿಸುತ್ತಾರೆ. ನಮಗೆ ಅದು ಬೇರೆಯೇ ದಾರಿ. ಅದಕ್ಕೆ ಬೇರೆ ಚೀಟಿ ಬೇಕು. ಮಂಡಿಪೇಟೆಯಲ್ಲಿ ಅಂಗಡಿಯಿಂದ ಹೊರಬಂದು ಬಂದ ದಿಕ್ಕಿಗೆ ಬೆನ್ನು ಹಾಕಿ ನಡೆದದ್ದಕ್ಕೆ ಲೆಕ್ಕವೇ ಇಲ್ಲ.

ಮುಖ ಓದುವ ವಿಷಯ ಇನ್ನೂ ಕಷ್ಟದ್ದು. ಒಂದು ಭಾನುವಾರ ಬೆಣ್ಣೆ ದೋಸೆ ಹೋಟೆಲಿಗೆ ಸೋದರಮಾವನ ಜೊತೆ ಹೋಗಿದ್ದೆ. ದೋಸೆ ಮುಗಿದಿತ್ತು, ತಟ್ಟೆಯಲ್ಲಿ ಉಳಿದ ಬೆಣ್ಣೆ ಹೆಪ್ಪುಗಟ್ಟಿತ್ತು, ನಾನು ಕಥೆ ಹೇಳುತ್ತಲೇ ಇದ್ದೆ. ನನ್ನ ಕುರ್ಚಿಯ ಹಿಂದೆ ಜಾಗಕ್ಕಾಗಿ ನಿಂತವರು ಕೆಮ್ಮಿದರು, ಕುರ್ಚಿಯ ಬೆನ್ನಿಗೆ ಕೈಯಿಟ್ಟರು. ಮಾಣಿ ಮೇಜು ಒರೆಸಿ ಹೋದ. ಮಾವ ಕಣ್ಸನ್ನೆ ಮಾಡಿದರಂತೆ. ಕಣ್ಣಿಗೆ ಕಸ ಬಿದ್ದಿತೇ ಎಂದು ಕೇಳಿದೆ! ಅಂದಿನಿಂದ ನಮ್ಮ ಮನೆಯಲ್ಲಿ ಕಣ್ಸನ್ನೆ ರದ್ದು. ‘ಸಾಕು, ಏಳೋಣ’ ಎಂದು ಬಾಯಿಬಿಟ್ಟು ಹೇಳುತ್ತಾರೆ, ನನಗೂ ಬೇಸರವಿಲ್ಲ. ನಿಮ್ಮ ಮಗಳು ಒಬ್ಬ ಗೆಳತಿಯನ್ನಾದರೂ ಹೀಗೆ ಒಪ್ಪಿಸಿಕೊಳ್ಳಲಿ. ‘ಕೋಪವಿದ್ದರೆ ಹೇಳಿಬಿಡು, ನನಗೆ ನೋಡಿ ತಿಳಿಯುವುದಿಲ್ಲ’ ಎನ್ನಲು ನಾಚಿಕೆ ಬೇಕಿಲ್ಲ.

ಅಡುಗೆಮನೆಯಲ್ಲಿ ‘ಎಣ್ಣೆ, ಸಾಸಿವೆ, ಸಿಡಿಯಲಿ, ಉರಿ ಸಣ್ಣ, ಕರಿಬೇವು’ ಎಂದು ಗಟ್ಟಿಯಾಗಿ ಹೇಳಿಕೊಂಡೇ ಒಗ್ಗರಣೆ ಹಾಕುತ್ತೇನೆ. ಹೆಂಡತಿ ಇದನ್ನು ಮಂತ್ರ ಎನ್ನುತ್ತಾಳೆ. ಸ್ಕೂಟರ್ ಮಾತ್ರ ನನಗೆ ಒಗ್ಗಲಿಲ್ಲ. ಪಿ.ಬಿ. ರಸ್ತೆಯಲ್ಲಿ ಎದುರಿನ ಲಾರಿ ಎಷ್ಟು ದೂರವಿದೆ ಎಂಬುದನ್ನು ಮಾತಾಗಿಸುವಷ್ಟರಲ್ಲಿ ಲಾರಿ ಬಂದೇಬಿಟ್ಟಿರುತ್ತದೆ. ಕಲಿತವರೂ ಇದ್ದಾರೆ, ಆದರೆ ಅವಸರ ಮಾಡಬೇಡಿ.

ನಿವೃತ್ತ ನೌಕರ, ಚಿತ್ರದುರ್ಗ:
ನಮ್ಮ ಕಾಲದಲ್ಲಿ ಇಂಥ ಹೆಸರುಗಳೇ ಇರಲಿಲ್ಲ. ಗಮನ ಕೊಡದಿದ್ದರೆ ಎರಡೇಟು ಬೀಳುತ್ತಿತ್ತು, ಸರಿಹೋಗುತ್ತಿತ್ತು.

ಕರಡು ತಿದ್ದುವವನು:
ಹಿರಿಯರೇ, ನಿಮ್ಮ ಕಾಲ 1967ಕ್ಕಿಂತ ಹಿಂದಿನದಾದರೆ ಒಪ್ಪುತ್ತೇನೆ. ಆ ವರ್ಷವೇ ಜಾನ್ಸನ್ ಮತ್ತು ಮೈಕಲ್‌ಬಸ್ಟ್ ಎಂಬ ಅಮೆರಿಕದ ವಿದ್ವಾಂಸರು ಇಂಥ ಮಕ್ಕಳ ಬಗ್ಗೆ ಬರೆದರು. ಏಟು ನನಗೂ ಬಿದ್ದಿದೆ. ಎಡ ಯಾವುದು, ಬಲ ಯಾವುದು ಎಂದು ಅದು ಕಲಿಸಲಿಲ್ಲ.

ಪ್ರೌಢಶಾಲಾ ಶಿಕ್ಷಕಿ, ಚಿತ್ರದುರ್ಗ:
ಮೇಡಂ, ನನ್ನ ತರಗತಿಯಲ್ಲಿ ಇಂಥ ಹುಡುಗನೊಬ್ಬನಿದ್ದ. ಕೋಟೆಗೆ ಕರೆದುಕೊಂಡು ಹೋದಾಗ ಒನಕೆ ಓಬವ್ವನ ಕಥೆಯನ್ನು ನನಗಿಂತ ಚೆನ್ನಾಗಿ ಹೇಳಿದವನು, ಏಳು ಸುತ್ತಿನ ಕೋಟೆಯೊಳಗೆ ಮುಂದಿನ ತಿರುವಿನಲ್ಲೇ ಕಾಣೆಯಾಗಿದ್ದ. ಲೆಕ್ಕ ಗೊತ್ತಿದ್ದೂ ತಪ್ಪುತ್ತಿತ್ತು, ಏಕೆಂದರೆ ಹತ್ತರ ಸ್ಥಾನದ ಅಂಕಿ ನೂರರ ಕೆಳಗೆ ಹೋಗಿ ಕೂರುತ್ತಿತ್ತು. ಚೌಕಗಳಿರುವ ಪುಸ್ತಕ ಕೊಟ್ಟು, ಚೌಕಕ್ಕೊಂದೇ ಅಂಕಿ ಎಂದು ಹೇಳಿದ ಮೇಲೆ ಆ ತಪ್ಪು ಬಹುಪಾಲು ನಿಂತಿತು. ರೇಖಾಚಿತ್ರವನ್ನು ‘ನೋಡಿ ಬರೆ’ ಎನ್ನುವುದನ್ನು ಬಿಟ್ಟು, ಎಲ್ಲಿಂದ ಶುರು, ಯಾವ ಕಡೆಗೆ ಗೆರೆ ಎಂದು ಒಂದೊಂದಾಗಿ ಹೇಳಿ ಬರೆಸಿ. ಹೊತ್ತು ಹಿಡಿಯುತ್ತದೆ, ನಿಜ.

ಹರಿಹರದಿಂದ ಒಬ್ಬ ತಂದೆ:
ಕಾಗದಪತ್ರದ ಬಗ್ಗೆ ಒಂದು ಮಾತು. ಅಮೆರಿಕದ ಮನೋವೈದ್ಯರ ಸಂಘದ ಕೈಪಿಡಿ ಡಿಎಸ್‌ಎಂ-5ರಲ್ಲಿ ಈ ಹೆಸರಿನ ಪ್ರತ್ಯೇಕ ರೋಗನಿರ್ಣಯವಿಲ್ಲ. ನಮ್ಮ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲೂ ಈ ಹೆಸರಿಲ್ಲ. ಆದರೆ ಅದರ ‘ನಿರ್ದಿಷ್ಟ ಕಲಿಕಾ ನ್ಯೂನತೆ’ಯೊಳಗೆ ಡಿಸ್ಕಾಲ್ಕುಲಿಯಾ (ಲೆಕ್ಕದ ತೊಡಕು), ಡಿಸ್‌ಪ್ರಾಕ್ಸಿಯಾ (ಕೈಕಾಲು ಹದವಾಗಿ ಆಡಿಸುವ ತೊಡಕು) ಸೇರಿವೆ. ಲೆಕ್ಕದ ತೊಡಕೋ ಕೈಚಳಕದ ತೊಡಕೋ ಇದ್ದರೆ ಅದನ್ನು ವರದಿಯಲ್ಲಿ ಹೆಸರಿಟ್ಟು ಬರೆದುಕೊಡಲು ಮನಶ್ಶಾಸ್ತ್ರಜ್ಞರನ್ನು ಕೇಳಿ. ನಾವು ಕೇಳಲಿಲ್ಲ. ಒಂದು ಕಚೇರಿಯಲ್ಲಿ ‘ಈ ಕಾಯಿಲೆ ಪಟ್ಟಿಯಲ್ಲಿಲ್ಲ’ ಎಂದು ಮೂರು ಸಲ ತಿರುಗಿಸಿ ಕಳಿಸಿದರು.

ವಿದ್ಯಾನಗರದ ತಾಯಿ:
ಎಲ್ಲರಿಗೂ ಧನ್ಯವಾದ. ಮಗಳಿಗೆ ಓದಿ ಹೇಳಿದೆ. ದೋಸೆಯ ಕಥೆಗೆ ಬಿದ್ದು ಬಿದ್ದು ನಕ್ಕಳು, ಆಮೇಲೆ ಸುಮ್ಮನಾದಳು. ಈಗ ಕಾಲೇಜಿಗೆ ಹೋಗುವ ಚೀಟಿ, ಬರುವ ಚೀಟಿ ಬೇರೆ ಬೇರೆ ಬರೆಯುತ್ತಿದ್ದಾಳೆ. ಅವಳದೇ ಪ್ರಶ್ನೆ: ‘ಹಾಲಿನ ಬೂತ್ ಬಲಕ್ಕೆ’ ಎಂದು ಬರೆದಿದ್ದೇನೆ, ಬೂತ್ ಮುಚ್ಚಿದ್ದರೆ ಗುರುತು ಹಿಡಿಯುವುದು ಹೇಗೆ?

ಕರಡು ತಿದ್ದುವವನು:
ತಂಗೀ, ಬಾಗಿಲು ಹಾಕುವಂಥದ್ದನ್ನು ಗುರುತು ಇಟ್ಟುಕೊಳ್ಳಬೇಡ. ಗುಡಿಯ ಗೋಪುರ, ನೀರಿನ ಟ್ಯಾಂಕ್, ಇಂಥವು ವಾಸಿ. ನಾನು ಒಂದು ಬೇವಿನ ಮರವನ್ನು ನಂಬಿಕೊಂಡಿದ್ದೆ. ರಸ್ತೆ ಅಗಲ ಮಾಡುವಾಗ ಕಡಿದರು. ಆ ದಿನ ನನ್ನ ಮನೆಯ ಓಣಿಯನ್ನೇ ಎರಡು ಸಲ ದಾಟಿಕೊಂಡು ಹೋದೆ.