ಕ್ರಿಸ್‌ಮಸ್ ಸಂಜಿಗೆ ‘ಎ ಕ್ರಿಸ್‌ಮಸ್ ಕ್ಯಾರಲ್’: ಯಾವ ಸಿನಿಮಾ ಹಾಕೋದು?

ಟಿಳಕವಾಡಿ ಪರದೆ (ಪ್ರಶ್ನೆ)
ಬೆಳಗಾವಿ ಕ್ಯಾಂಪಿನ ಒಂದು ಸಣ್ಣ ಹಾಲ್‌ನಾಗ ಡಿಸೆಂಬರ್ 24ಕ್ಕ ಇಂಗ್ಲಿಷ್ ಲೇಖಕ ಚಾರ್ಲ್ಸ್ ಡಿಕನ್ಸ್‌ನ ಈ ಕಥಿ ಪರದೆ ಮ್ಯಾಲೆ ತೋರಸೋದೈತಿ. ಅಜ್ಜಾರು, ಆಯಿಗೋಳು, ಸಣ್ಣ ಹುಡುಗರು ಎಲ್ಲಾರೂ ಬರ್ತಾರ. ಒಂದೂವರಿ ತಾಸಿನ್ಯಾಗ ಮುಗೀಬೇಕು. ಕನ್ನಡ ಸಬ್‌ಟೈಟಲ್ ನಾವ ಬರ್ಕೋತೀವಿ, ಪೆನ್ ಡ್ರೈವ್ ನೇರ ಪ್ರೊಜೆಕ್ಟರ್‌ಗೆ ಹಾಕೋ ವಿಚಾರ. ಈ ಕಥಿ ಮ್ಯಾಲೆ 1951, 1970, 1984, 1992, 2009ರಾಗ ಬಂದ ಸಿನಿಮಾಗಳಾಗ ಯಾವುದು ಛಲೋ?

ಗುಮ್ಮಟದ ರೀಲು
1951ರದ್ದ ಹಾಕ್ರಿ. ಕಥಿ ನಾಯಕ ಜಿಪುಣ ಮುದುಕ ಸ್ಕ್ರೂಜ್ ಪಾತ್ರದಾಗ ನಟ ಅಲಸ್ಟೇರ್ ಸಿಮ್, 86 ನಿಮಿಷ. ಬ್ಯಾರೆ ಸಿನಿಮಾದಾಗ ಸ್ಕ್ರೂಜ್ ಜಿಪುಣ ಅಂತ ಗೊತ್ತಾಗತೈತಿ, ಇದರಾಗ ಯಾಕ ಜಿಪುಣ ಆದ ಅಂತ ಗೊತ್ತಾಗತೈತಿ. ಪುಸ್ತಕದಾಗಿನ ತಂಗಿ ಫ್ಯಾನ್ ಇಲ್ಲಿ ಅಕ್ಕ ಆಗ್ಯಾಳ. ಸ್ಕ್ರೂಜ್ ಹುಟ್ಟುವಾಗ ತಾಯಿ ತೀರಿದ್ಲು, ಅದಕ್ಕ ಅಪ್ಪಗ ಅವನ ಮ್ಯಾಲೆ ಸಿಟ್ಟು. ಮಗ ಫ್ರೆಡ್ ಹುಟ್ಟುವಾಗ ಫ್ಯಾನ್ ತೀರತಾಳ, ಸ್ಕ್ರೂಜ್‌ಗೆ ಅಳಿಯನ ಮ್ಯಾಲೆ ಅದ ಸಿಟ್ಟು. ಡಿಕನ್ಸ್ ಇದನ್ನ ಬರದಿಲ್ಲ, ಆದ್ರ ಕಥಿಗೆ ಗಟ್ಟಿ ಬುನಾದಿ ಆಗೇತಿ.

ಕಡೀಗೆ ಬೆಳಗಾದ ಮ್ಯಾಲಿನ ದೃಶ್ಯ ನೋಡ್ರಿ. ಮನಸ್ಸು ಬದಲಾದ ಸ್ಕ್ರೂಜ್ ಮುದುಕ ಕುರ್ಚಿ ಮ್ಯಾಲೆ ತಲಿಕೆಳಗಾಗಿ ನಿಲ್ತಾನ, ಕೆಲಸದಾಕಿ ಮಿಸೆಸ್ ಡಿಲ್ಬರ್ ಚೀರಿ ಓಡ್ತಾಳ. ಇವ ಬೆನ್ನಹತ್ತಿ ಹೋಗಿ ಕೈಯಾಗ ಒಂದು ಗಿನಿ (ಬ್ರಿಟನ್ನಿನ ಹಳೇ ಬಂಗಾರದ ನಾಣ್ಯ) ಇಟ್ಟು, ವಾರದ ಪಗಾರ ಎರಡು ಶಿಲಿಂಗ್‌ನಿಂದ ಹತ್ತಕ್ಕ ಏರಸ್ತಾನ. ಇಲ್ಲಿ ಸಬ್‌ಟೈಟಲ್ ಇಲ್ಲದಿದ್ರೂ ಹಾಲ್ ನಗತೈತಿ.

ಬಣ್ಣ ಹಚ್ಚಿದ ಪ್ರತಿನೂ ಸಿಗತೈತಿ, ಅದು ಬ್ಯಾಡ. ಕತ್ತಲು-ನೆರಳಿನ ಮೋಜೆಲ್ಲಾ ಸಪ್ಪಗಾಗತೈತಿ.

ಘಟಪ್ರಭಾ ದಂಡಿ
ಸಣ್ಣ ಹುಡುಗರು ಕಪ್ಪು-ಬಿಳುಪಿಗೆ ಕೂಡೂದಿಲ್ರಿ. ನನ್ನ ಮತ 1992ರ ಮಪೆಟ್ ಗೊಂಬಿ ಸಿನಿಮಾಕ್ಕ. ಸುತ್ತಲೂ ಗೊಂಬಿ ಇದ್ರೂ ಸ್ಕ್ರೂಜ್ ಆದ ನಟ ಮೈಕಲ್ ಕೇನ್ ಒಂದು ಕಡೆನೂ ಚ್ಯಾಷ್ಟಿ ಮಾಡೂದಿಲ್ಲ, ಅದ ಅದರ ಗೆಲುವು. ಆದ್ರ ತಯಾರಿ ಹೆಚ್ಚು ಬೇಕು. ಹಾಡು ಭಾಳ, ಮ್ಯಾಲೆ ಡಿಕನ್ಸ್ ವೇಷದ ಗೊಂಜೊ ಅನ್ನೋ ಗೊಂಬಿ ಪುಸ್ತಕದ ಮಾತನ್ನ ಪಟಪಟ ಹೇಳ್ತಾನ. ಹೇಳಿದ್ದೆಲ್ಲಾ ಬರದ್ರ ಓದಾಕ ಆಗೂದಿಲ್ಲ, ಅರ್ಧಕ್ಕ ಇಳಸ್ರಿ. ಥೇಟರ್‌ನಾಗ ಕತ್ತರಿಸಿದ್ದ ಒಂದು ಹಾಡನ್ನ 2022ರಾಗ ತಿರುಗಿ ಸೇರಿಸ್ಯಾರ, ಆ ಪ್ರತಿ ಸ್ವಲ್ಪ ಉದ್ದ.

1970ರದ್ದು 113 ನಿಮಿಷ, 1984ರದ್ದು 100. ನಿಮ್ಮ ಹೊತ್ತಿಗೆ ಎರಡೂ ಆಗೂದಿಲ್ಲ. (1984ರ ಜಾರ್ಜ್ ಸಿ. ಸ್ಕಾಟ್‌ನ ಒಮ್ಮೆ ಮನ್ಯಾಗರ ನೋಡ್ರಿ.) 2009ರದ್ದು ತ್ರೀಡಿಗೆ ಮಾಡಿದ್ದು, ಆ ಓಡಾಟ ಸಾದಾ ಪರದೆ ಮ್ಯಾಲೆ ಬರೇ ಗದ್ದಲ.

ಸಬ್‌ಟೈಟಲ್ ಸಾಹುಕಾರ
ಯಾವುದರ ಹಾಕ್ರಿ, ಪೆನ್ ಡ್ರೈವ್ ನೇರ ಹಚ್ಚಬ್ಯಾಡ್ರಿ. ಪ್ರೊಜೆಕ್ಟರ್ ಒಳಗಿನ ಪ್ಲೇಯರ್ ಬಹಳಷ್ಟಕ್ಕ ಕನ್ನಡ ಕೂಡಸಾಕ ಬರೂದಿಲ್ಲ. ಒತ್ತಕ್ಷರ ಒಡೀತಾವ, ಇಲ್ಲಾ ಬರೇ ಚೌಕ ಕಾಣ್ತಾವ. ಲ್ಯಾಪ್‌ಟಾಪ್‌ನಿಂದ ಪ್ರೊಜೆಕ್ಟರ್‌ಗೆ ಎಚ್‌ಡಿಎಂಐ ಕೇಬಲ್ ಹಚ್ಚಿ, ವಿಎಲ್‌ಸಿ ಅನ್ನೋ ಪ್ಲೇಯರ್ ಒಳಗ ಹಾಕ್ರಿ. ಎಸ್‌ಆರ್‌ಟಿ (ಸಬ್‌ಟೈಟಲ್) ಫೈಲ್ ಯುಟಿಎಫ್-8 ಅನ್ನೋ ಅಕ್ಷರ ಸಂಕೇತದಾಗ ಸೇವ್ ಆಗಿರಬೇಕು, ಫಾಂಟ್ ನೋಟೊ ಸ್ಯಾನ್ಸ್ ಕನ್ನಡ ಸಾಕು. ಒಂದು ಸಲಕ್ಕ ಎರಡು ಸಾಲು, ಸಾಲಿಗೆ 35 ಅಕ್ಷರದ ಒಳಗ.

1951ರ ಪ್ರತಿ 82-83 ನಿಮಿಷಕ್ಕ ಮುಗದ್ರ, ದೃಶ್ಯ ಕತ್ತರಿಸ್ಯಾರ ಅಂತ ತಿಳ್ಕೋಬ್ಯಾಡ್ರಿ. ಸೆಕೆಂಡಿಗೆ 24 ಫ್ರೇಮ್‌ನ (ಬಿಡಿ ಚಿತ್ರದ) ಸಿನಿಮಾನ 25ರಾಗ ಓಡಿಸಿರ್ತಾರ. 24ಕ್ಕ ಬರದ ಸಬ್‌ಟೈಟಲ್ ಇದಕ್ಕ ಹಾಕಿದ್ರ ಮೊದಲನೇ ಮಾತು ಸರಿ ಕೂಡತೈತಿ, ಕಡೀಗೆ ಬರೂದ್ರಾಗ ಮೂರು ನಿಮಿಷಕ್ಕೂ ಹೆಚ್ಚು ಹಿಂದ ಬೀಳತೈತಿ. ಸೆಕೆಂಡ್ ಹಿಂದ-ಮುಂದ ಸರಿಸಿದ್ರ ಏನೂ ಉಪಯೋಗಿಲ್ಲ. ಸಬ್‌ಟೈಟಲ್ ಎಡಿಟ್ ಅನ್ನೋ ಸಾಫ್ಟ್‌ವೇರ್ ಒಳಗ ಫ್ರೇಮ್ ರೇಟ್ ಬದಲಿ ಮಾಡಿ, ಮೊದಲನೇ ಮಾತು, ಕಡೀ ಮಾತು ಎರಡೂ ತಾಳಿ ನೋಡ್ರಿ.

ಆ ಕಾಲದ ಚಿತ್ರ ಸುಮಾರು ಚೌಕ ಇರತೈತಿ. ಎಡಕ್ಕ ಬಲಕ್ಕ ಕರೇ ಪಟ್ಟಿ ಬಂದ್ರ ಬರಲಿ, ಪರದೆ ತುಂಬಬೇಕಂತ ಎಳದ್ರ ಸಣಕಲ ಸಿಮ್ ದುಂಡಗಾಗ್ತಾನ.

ಗುಮ್ಮಟದ ರೀಲು
ಇನ್ನೊಂದು: ಮನಿ ಒಟಿಟಿ ಖಾತೆ ಸಾರ್ವಜನಿಕ ಪ್ರದರ್ಶನಕ್ಕ ನಡಿಯೂದಿಲ್ಲ. ಮಪೆಟ್ ಹಾಕೋದಾದ್ರ ಹಕ್ಕುದಾರರ ಪರವಾನಗಿಗೆ ಈಗ ಬರೀರಿ, ಡಿಸೆಂಬರ್‌ಗೆ ಬರದ್ರ ಉತ್ತರ ಬರೂದ್ರಾಗ ಹಬ್ಬ ಮುಗದಿರತೈತಿ.