ಗಾರ್ಮೆಂಟ್ಸ್ ಹೆಂಗಸರಿಗೆ ದುಡ್ಡಿನ ವಿಷಯದಲ್ಲಿ ನೆರವು: ಎಲ್ಲಿಂದ ಶುರು ಮಾಡಲಿ?

ಪ್ರಶ್ನೆ: ಪೀಣ್ಯದ ಅಕೌಂಟೆಂಟ್

ನಾನು ಪೀಣ್ಯದ ಹತ್ತಿರ ಒಂದು ಸಣ್ಣ ಕಂಪನಿಯಲ್ಲಿ ಅಕೌಂಟ್ಸ್ ನೋಡುತ್ತೇನೆ. ನಮ್ಮ ಬೀದಿಯ ವಠಾರಗಳಲ್ಲಿ ಗಾರ್ಮೆಂಟ್ಸ್‌ಗೆ ಹೋಗುವ ಹೆಂಗಸರೇ ಜಾಸ್ತಿ. ಬ್ಯಾಂಕಿನಿಂದ ಮೆಸೇಜ್ ಬಂದರೆ ನನ್ನ ಹತ್ತಿರ ತಂದು ಓದಿಸುತ್ತಾರೆ. ಈಗ ನಾನು, ಇಬ್ಬರು ಗೆಳತಿಯರು ಸೇರಿ ಭಾನುವಾರ ಬೆಳಿಗ್ಗೆ ಕೂತು, ಪುಕ್ಕಟೆಯಾಗಿ ಅವರ ಹಣಕಾಸು ನೋಡಿಕೊಡೋಣ ಅಂದುಕೊಂಡಿದ್ದೇವೆ. ಗೆಳತಿ ಎಸ್‌ಐಪಿ (ತಿಂಗಳು ತಿಂಗಳು ಮ್ಯೂಚುವಲ್ ಫಂಡ್‌ಗೆ ಇಷ್ಟಿಷ್ಟು ಅಂತ ಹಾಕುವುದು), ಚಕ್ರಬಡ್ಡಿ ಎಲ್ಲ ಸೇರಿಸಿ ಸ್ಲೈಡ್ ಮಾಡಿದ್ದಾಳೆ. ನನಗೆ ಯಾಕೋ ಸಮಾಧಾನ ಇಲ್ಲ. ಇಪ್ಪತ್ತನೇ ತಾರೀಖು ಬಂದರೆ ಕೈಸಾಲ ಕೇಳುವವರ ಮುಂದೆ ಎಸ್‌ಐಪಿ ಮಾತು ಹೇಗೆ ತೆಗೆಯಲಿ? ಇಂಥ ಕೆಲಸ ಮಾಡಿದವರು ದಾರಿ ಹೇಳಿ.

ಉತ್ತರ: ನಿವೃತ್ತ ಬ್ಯಾಂಕ್ ನೌಕರ, ತುಮಕೂರು

ಒಳ್ಳೇ ಕೆಲಸ ಹಿಡಿದಿದ್ದೀರಮ್ಮ. ಸ್ಲೈಡ್ ಸದ್ಯಕ್ಕೆ ಬದಿಗಿಡಿ. ಎಂಟ್ರಿ ಹಾಕಿಸಿಕೊಂಡು ಪಾಸ್‌ಬುಕ್ ತನ್ನಿ ಅಂತಷ್ಟೇ ಹೇಳಿ. ಉಳಿತಾಯದ ಮಾತು ಆಮೇಲೆ. ಅವರಿಗೆ ಈಗಾಗಲೇ ಸೇರಬೇಕಾದ್ದು ಎಲ್ಲೆಲ್ಲಿ ಇದೆ ಅಂತ ಮೊದಲು ಹುಡುಕಿ.

ಮೇ ತಿಂಗಳ ಸಾಲುಗಳನ್ನು ಬೆರಳಿಟ್ಟು ನೋಡಿ. 436 ರೂಪಾಯಿ ಕಟ್ ಆಗಿದ್ದರೆ ಅದು ಪ್ರಧಾನಮಂತ್ರಿ ಜೀವನ ಜ್ಯೋತಿ ವಿಮೆ. 20 ರೂಪಾಯಿ ಆಗಿದ್ದರೆ ಸುರಕ್ಷಾ ವಿಮೆ, ಅಪಘಾತಕ್ಕೆ ಮಾತ್ರ. ನಾನು ಶಾಖೆಯಲ್ಲಿದ್ದಾಗ ಒಬ್ಬ ತಾಯಿ ಮಗನ ಖಾತೆ ಮುಚ್ಚಿಸಲು ಬಂದರು. ಹುಡುಗನಿಗೆ ಹಾರ್ಟ್ ಅಟ್ಯಾಕ್ ಆಗಿತ್ತು. ಖಾತೆಯಲ್ಲಿ ಇದ್ದದ್ದು ಮುನ್ನೂರು ಚಿಲ್ಲರೆ. ಹಿಂದಿನ ಪುಟ ತಿರುಗಿಸಿದರೆ 436 ಕಟ್ ಆದ ಸಾಲು ಕಂಡಿತು. ಕೌಂಟರ್‌ನಲ್ಲೇ ಕೂರಿಸಿ ಕ್ಲೇಮ್ ಫಾರ್ಮ್ ತುಂಬಿಸಿದೆವು, ಮರಣ ಪ್ರಮಾಣಪತ್ರ ತರಿಸಿದೆವು. ಎರಡು ಲಕ್ಷ ಬಂತು. ಮಗ ವಿಮೆ ಮಾಡಿಸಿದ್ದ ಅನ್ನುವುದೇ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಇನ್ನೊಂದು. ಸಂಬಳದ ಖಾತೆಯಲ್ಲೂ ಜನ್ ಧನ್ ಖಾತೆಯಲ್ಲೂ ಎರಡೂ ಕಡೆ 436 ಕಟ್ ಆಗುತ್ತಿರಬಹುದು. ಎರಡು ಕಡೆ ಕಟ್ಟಿದರೂ ಸಿಗುವುದು ಎರಡು ಲಕ್ಷವೇ. ಒಂದನ್ನು ನಿಲ್ಲಿಸಲು ಬರೆದುಕೊಡಿ.

ಉತ್ತರ: ಹಳೇ ಟೈಲರ್, ರಾಮನಗರ

ಅಕ್ಕ, ನಾನು ಮೊದಲು ಲೈನ್‌ನಲ್ಲಿ ಟೈಲರ್ ಆಗಿದ್ದೆ, ಈಗ ಕಾರ್ಮಿಕರ ಸಂಘದಲ್ಲಿದ್ದೇನೆ. ಭಾನುವಾರ ಬೆಳಿಗ್ಗೆ ಯಾರೂ ಬರಲ್ಲ. ವಾರದ ಬಟ್ಟೆ, ನೀರು, ಮಕ್ಕಳ ತಲೆಸ್ನಾನ ಎಲ್ಲ ಅವತ್ತೇ. ಮಧ್ಯಾಹ್ನ ಮೂರರ ಮೇಲೆ ಇಟ್ಟುಕೊಳ್ಳಿ. ಮಕ್ಕಳನ್ನೂ ಕರೆತನ್ನಿ ಅಂತ ಹೇಳಿ.

ನೀವು ಜಾಸ್ತಿ ಹೊತ್ತು ಕೊಡಬೇಕಾದ್ದು ಪಿಎಫ್‌ಗೆ. ಮಗಳ ಫೀಸು, ಊರಲ್ಲಿ ಮನೆ ರಿಪೇರಿ ಅಂತ ನಮ್ಮವರು ಕೆಲಸವನ್ನೇ ಬಿಟ್ಟು ಪಿಎಫ್ ತೆಗೆಯುತ್ತಾರೆ, ಆಮೇಲೆ ಪಕ್ಕದ ಫ್ಯಾಕ್ಟರಿ ಸೇರುತ್ತಾರೆ. ಜೊತೆಗೆ 10ಸಿ ಫಾರ್ಮ್ ಹಾಕಿ ಪಿಂಚಣಿಯ ಪಾಲನ್ನೂ ತೆಗೆದುಬಿಡುತ್ತಾರೆ. 58ಕ್ಕೆ ತಿಂಗಳ ಪಿಂಚಣಿ ಬರಬೇಕಾದರೆ ಒಟ್ಟು 10 ವರ್ಷದ ಸರ್ವಿಸ್ ಬೇಕು. ಹೀಗೆ ತೆಗೆದಾಗಲೆಲ್ಲ ಆ ಲೆಕ್ಕ ಮತ್ತೆ ಸೊನ್ನೆಯಿಂದ ಶುರು. ಜೀವನವಿಡೀ ಮೆಷಿನ್ ತುಳಿದೂ ಪಿಂಚಣಿ ಇಲ್ಲದ ಹೆಂಗಸರನ್ನು ನೋಡಿದರೆ ಹೊಟ್ಟೆ ಉರಿಯುತ್ತೆ. ಫ್ಯಾಕ್ಟರಿ ಬದಲಾದರೂ ಹಳೇ ಯುಎಎನ್ ನಂಬರನ್ನೇ (ಕೆಲಸ ಬದಲಾದರೂ ಬದಲಾಗದ ಪಿಎಫ್ ನಂಬರು) ಕೊಟ್ಟು ಟ್ರಾನ್ಸ್‌ಫರ್ ಮಾಡಿಸಬೇಕು. ಮದುವೆ, ಓದು, ಕಾಯಿಲೆಗೆ ಕೆಲಸದಲ್ಲಿ ಇದ್ದುಕೊಂಡೇ ಅಡ್ವಾನ್ಸ್ ತೆಗೆಯಬಹುದು ಅಂತ ಬಿಡಿಸಿ ಹೇಳಿ.

ಆಧಾರ್‌ನಲ್ಲಿ ಲಕ್ಷ್ಮಮ್ಮ, ಪಿಎಫ್‌ನಲ್ಲಿ ಲಕ್ಷ್ಮಿ ಅಂತ ಇದ್ದರೆ ಕ್ಲೇಮ್ ವಾಪಸ್ ಬರುತ್ತೆ. ಅದನ್ನು ಈಗಲೇ ಸರಿ ಮಾಡಿಸಿ. ಕೆಲಸದಲ್ಲಿರುವಾಗಲೇ ತೀರಿಕೊಂಡರೆ ಪಿಎಫ್ ಜೊತೆಗಿರುವ ಇಡಿಎಲ್‌ಐ ವಿಮೆಯಿಂದ ಮನೆಯವರಿಗೆ 7 ಲಕ್ಷದವರೆಗೆ ಬರುತ್ತೆ. ಅದಕ್ಕೆ ಅವರ ಸಂಬಳದಿಂದ ಒಂದು ಪೈಸೆಯೂ ಕಟ್ ಆಗಲ್ಲ.

ಉತ್ತರ: ಹಣಕಾಸು ಸಲಹೆಗಾರ, ಮೈಸೂರು

ಮೇಲಿನ ಇಬ್ಬರ ಮಾತೂ ಸರಿ. ನನ್ನದು ಎರಡೇ ಮಾತು. ಇಂಥ ಫಂಡ್, ಇಂಥ ಪಾಲಿಸಿ ತಗೊಳ್ಳಿ ಅಂತ ಹೆಸರು ಹೇಳಬೇಡಿ, ಯಾರಿಂದಲೂ ಕಮಿಷನ್ ಮುಟ್ಟಬೇಡಿ. ದುಡ್ಡು ತೆಗೆದುಕೊಂಡು ಹೂಡಿಕೆ ಸಲಹೆ ಕೊಡುವವರು ಸೆಬಿಯಲ್ಲಿ (ಷೇರು ಮಾರುಕಟ್ಟೆಯ ಮೇಲ್ವಿಚಾರಣೆ ಮಾಡುವ ಸಂಸ್ಥೆ) ನೋಂದಣಿ ಮಾಡಿಸಿರಬೇಕು. ಫೋನ್ ಅವರ ಕೈಯಲ್ಲೇ ಇರಲಿ. ಓಟಿಪಿ, ಪಿನ್ ಅವರೇ ಒತ್ತಲಿ.

ಮೈಕ್ರೋಫೈನಾನ್ಸ್ ಸಾಲ ಇದ್ದರೆ ಸಾಲದ ಕಾರ್ಡ್ ತರಿಸಿ. ರಿಸರ್ವ್ ಬ್ಯಾಂಕಿನ 2022ರ ನಿಯಮದ ಪ್ರಕಾರ ಮನೆಯ ಎಲ್ಲ ಸಾಲದ ಕಂತು ಸೇರಿ ತಿಂಗಳ ಆದಾಯದ ಅರ್ಧ ದಾಟಬಾರದು. ವಸೂಲಿಗೆ ಬೆಳಿಗ್ಗೆ 9ಕ್ಕೆ ಮುಂಚೆ, ಸಂಜೆ 6ರ ಮೇಲೆ ಫೋನ್ ಮಾಡುವ ಹಾಗಿಲ್ಲ. ಇದು ಗೊತ್ತಿದ್ದರೆ ಅವರಿಗೆ ಎದುರು ಮಾತಾಡಲು ಧೈರ್ಯ ಬರುತ್ತೆ.

ಪೀಣ್ಯದ ಅಕೌಂಟೆಂಟ್

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಹೊತ್ತು ಮೂರೂವರೆಗೆ ಬದಲಾಯಿಸಿದೆವು. ಸರ್, ಒಂದು ಅನುಮಾನ. ಪಕ್ಕದ ಮನೆಯವರ ಗಂಡ ಬಿಟ್ಟುಹೋಗಿ ಬಹಳ ಕಾಲವಾಯಿತು. ಬ್ಯಾಂಕಲ್ಲಿ ನಾಮಿನಿ ಈಗಲೂ ಅವನೇ. ಬದಲಿಸಲು ಅವನ ಸಹಿ ಬೇಕಾ?

ನಿವೃತ್ತ ಬ್ಯಾಂಕ್ ನೌಕರ, ತುಮಕೂರು

ಬೇಡಮ್ಮ. ಖಾತೆ ಅವರೊಬ್ಬರ ಹೆಸರಲ್ಲಿದ್ದರೆ ಅವರ ಸಹಿ ಸಾಕು. ಶಾಖೆಯಲ್ಲಿ ನಾಮಿನಿ ಬದಲಾಯಿಸುವ ಫಾರ್ಮ್ ಕೇಳಿ, ಮಕ್ಕಳ ಹೆಸರು ಬರೆಸಿ. ಮಗು ಇನ್ನೂ 18 ದಾಟಿಲ್ಲ ಅಂದರೆ ಅದರ ಪರವಾಗಿ ದುಡ್ಡು ಪಡೆಯುವ ದೊಡ್ಡವರ ಹೆಸರೂ ಕೊಡಬೇಕು. ಅಜ್ಜಿ ಇದ್ದರೆ ಅಜ್ಜಿಯ ಹೆಸರು ಹಾಕಿಸಿ. ಫಾರ್ಮ್ ಕೊಟ್ಟ ಮೇಲೆ ಸ್ವೀಕೃತಿ ಚೀಟಿ ಕೇಳಿ ಪಡೆಯಿರಿ. ಪಿಎಫ್ ನಾಮಿನಿ ಬೇರೆ, ಅದನ್ನೂ ಅದೇ ವಾರ ನೋಡಿಬಿಡಿ.